ಜ್ವರ ಬಂದಾಗ ಎದ್ದು ಕೂರುವವರು

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಮ್ಮನಿಗೆ,

ನಿನ್ನ ದೊಡ್ಡ ಮಗಳ ನಮಸ್ಕಾರ. ನಾನೂ ನಿನ್ನ ಚಿಕ್ಕ ಮಗಳು ಗುಬ್ಬಿಯೂ ಚೆನ್ನಾಗಿದ್ದೇವೆ. ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದವು. ಉತ್ತರ ಬರೆಯದಿದ್ದುದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ಎರಡರಲ್ಲೂ ನೀನು ಕೇಳಿದ್ದು ಒಂದೇ ಮಾತು: "ಗುಬ್ಬಿಯನ್ನು ವಿಮೆಗೆ ಸೇರಿಸಿದೆಯಾ?" ಅದಕ್ಕೊಂದು ನೆಟ್ಟಗಿನ ಉತ್ತರ ಸಿಗುವವರೆಗೆ ಪೆನ್ನು ಮುಟ್ಟಬಾರದೆಂದು ಹಟ ಹಿಡಿದಿದ್ದೆ. ಈಗ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಹಾರಿಸಿಕೊಂಡು ಕೊನೆಯ ಪುಟಕ್ಕೆ ಹೋಗಬೇಡ, ನಿನ್ನ ಚಾಳಿ ನನಗೆ ಗೊತ್ತು.

ಕಳೆದ ಚಳಿಗಾಲದಲ್ಲಿ ಗುಬ್ಬಿಗೆ ಉಬ್ಬಸ ಜೋರಾದಾಗ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದ್ದು ನಿನಗೆ ಬರೆದಿದ್ದೆ. ಅಲ್ಲಿ ಕಿಟಕಿಯೊಳಗಿನವನು ತಲೆ ಎತ್ತದೆ ಕೇಳಿದ ಮೊದಲ ಮಾತು, "ವಿಮೆ ಇದೆಯಾ?" ಮಗುವಿನ ಉಸಿರು ಸಿಳ್ಳೆ ಹೊಡೆಯುವುದು ಅವನಿಗೆ ಕೇಳಿಸುತ್ತಲೇ ಇತ್ತು. ಅಮ್ಮ, ನಾನು ಮುದ್ರಣಾಲಯದಲ್ಲಿ ಕರಪತ್ರ ಮಡಚುವವಳು. ಮಡಚುವುದಕ್ಕಿಂತ ಓದುವುದೇ ಹೆಚ್ಚೆಂದು ಮಾಲೀಕರ ದೂರು. ಅನ್ಯಾಯವನ್ನು ಬಣ್ಣಿಸುವ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಅಲ್ಲಿ ಓದಿದ್ದೇನೆ. ಆ ಕಿಟಕಿಯ ಮುಂದೆ ಒಂದೂ ನೆನಪಾಗಲಿಲ್ಲ. ಇವಳು ಇನ್ನೊಂದು ಚಳಿಗಾಲವನ್ನು ಹೀಗೆ ಕಳೆಯಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಈ ವರ್ಷ ನಗರಸಭೆಯವರು ಮಕ್ಕಳ ಆರೋಗ್ಯ ವಿಮೆಯನ್ನು ವಿಸ್ತರಿಸಿದರು. ಮೊದಲು ಕಾಯಂ ನೌಕರರ ಮಕ್ಕಳಿಗೆ ಮಾತ್ರ ಇತ್ತು. ಈಗ ಎಲ್ಲ ಮಕ್ಕಳಿಗೂ ಎಂದರು. ಶಾಲೆಯ ಹಾಲ್‌ನಲ್ಲಿ ನೋಂದಣಿ. ನಮ್ಮ ಬೀದಿಯ ಮಕ್ಕಳೆಲ್ಲ ತಲೆ ಬಾಚಿಕೊಂಡು ಸಾಲಿನಲ್ಲಿ ನಿಂತರು. ಹೆತ್ತವರ ಸಹಿ ಬೇಕು ಎಂಬುದು ನಿಯಮ. ನಮ್ಮ ಬೀದಿಯಲ್ಲಿ ಹೆತ್ತವರು ಎಲ್ಲಿದ್ದಾರೆ? ನಿನ್ನ ಹಾಗೆಯೇ ಬೇರೆ ಬೇರೆ ಊರುಗಳಲ್ಲಿ ದುಡಿಯುತ್ತಿದ್ದಾರೆ. ಮಕ್ಕಳನ್ನು ಕರೆತಂದವರು ಅಜ್ಜಿಯರು. "ತಾಯಿ" ಎಂದಿದ್ದ ಕಡೆ ಅವರು ನಿಸ್ಸಂಕೋಚವಾಗಿ ತಮ್ಮ ತಮ್ಮ ಹೆಸರು ಹೇಳಿ ಬರೆಸಿದರು. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಕ್ಕಳು ಅವರನ್ನು ಕರೆಯುವುದೇ ಅಮ್ಮಾ ಎಂದು. ಒಂದು ವಾರಕ್ಕೆ ಎಲ್ಲ ಅರ್ಜಿಗಳೂ "ಸುಳ್ಳು ಮಾಹಿತಿ" ಎಂಬ ಮುದ್ರೆ ಹೊತ್ತು ವಾಪಸು ಬಂದವು. ನೀನು ಸಹಿ ಹಾಕಲು ಬರುತ್ತೇನೆಂದು ರಜೆ ಕೇಳಿ ಬೈಸಿಕೊಂಡಿದ್ದು ಅದೇ ವಾರ.

ಮುಂದಿನದನ್ನು ಓದುವ ಮೊದಲು ಒಂದು ಲೋಟ ನೀರು ಕುಡಿ. ಈ ಗಂಟನ್ನು ಬಿಡಿಸಿದವಳು ನಿನ್ನ ನಾದಿನಿ. ಹೌದು, ಅತ್ತೆಯೇ. ಅಪ್ಪ ತೀರಿಕೊಂಡಾಗ ಅವಳು ನಿನಗೆ ಆಡಿದ ಮಾತನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಆದರೂ ಕಂಡದ್ದನ್ನು ಕಂಡ ಹಾಗೆ ಬರೆಯದಿದ್ದರೆ ನಾನು ಓದಿದ್ದೆಲ್ಲ ದಂಡ.

ಅರ್ಜಿಗಳು ವಾಪಸಾದ ಸಿಟ್ಟಿನಲ್ಲಿ ನಾನೇ ಒಂದು ಕರಪತ್ರ ಬರೆದು ಅಚ್ಚು ಹಾಕಿಸಿದ್ದೆ. "ಆರೋಗ್ಯ ಭಿಕ್ಷೆಯಲ್ಲ, ಮಗುವಿನ ಜನ್ಮಸಿದ್ಧ ಹಕ್ಕು" ಎಂದು ಶುರು. ಒಂದು ಕಟ್ಟು ಅತ್ತೆಯ ಬ್ಯೂಟಿ ಪಾರ್ಲರಿನಲ್ಲಿ ಇಡೋಣವೆಂದು ಹೋದೆ. ಅವಳು ಒಂದನ್ನು ತೆಗೆದು ಓದಿ, "ಚೆನ್ನಾಗಿದೆ ಕಣೇ, ಇದರಲ್ಲಿ ಮಗು ಎಲ್ಲಿದೆ?" ಎಂದಳು. ಆಮೇಲೆ ಅದರಲ್ಲೇ ಕೂದಲ ಬಣ್ಣದ ಬ್ರಷ್ ಒರೆಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಬರಬೇಕು ಅನ್ನುವಷ್ಟರಲ್ಲಿ ಬಾಗಿಲು ತೆರೆದು ಬಂದವರು ಯಾರು ಅಂದುಕೊಂಡೆ? ವಿಮೆ ಕಚೇರಿಯ ಮೇಡಂ, ಆ ಮುದ್ರೆ ಒತ್ತಿಸಿದವರು. ಹುಬ್ಬು ತೀಡಿಸಿಕೊಳ್ಳಲು ಬಂದಿದ್ದರು.

ಅತ್ತೆ ಅವರನ್ನು ಕುರ್ಚಿಯಲ್ಲಿ ಒರಗಿಸಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಒಂದು ಹುಬ್ಬನ್ನು ಚಿತ್ರ ಬರೆದ ಹಾಗೆ ಮಾಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೇಡಂ, ನಮ್ಮ ಅಜ್ಜಿಯರ ಅರ್ಜಿ ಯಾಕೆ ವಾಪಸ್ ಕಳಿಸಿದ್ರಿ?"

"ಸುಳ್ಳು ಬರೆಸಿದ್ದಾರಲ್ಲಮ್ಮ. ಎಪ್ಪತ್ತು ವರ್ಷದ ತಾಯಿಗೆ ನಾಲ್ಕು ವರ್ಷದ ಮಗು! ಕಂಪ್ಯೂಟರೇ ನಕ್ಕುಬಿಡ್ತು."

"ಅದು ಸುಳ್ಳಲ್ಲ ಮೇಡಂ, ರೂಢಿ. ಹೆತ್ತವಳು ಎಲ್ಲೋ ದುಡೀತಿದ್ದಾಳೆ. ಇಲ್ಲಿ ಸಾಕೋಳು ಇವಳು."

"ಹಾಗಾದ್ರೆ ಹೆತ್ತವಳು ಬಂದು ಸಹಿ ಹಾಕ್ಲಿ."

"ಬಂದ್ರೆ ಅವಳ ಕೆಲಸ ಹೋಗುತ್ತೆ. ಬರದಿದ್ರೆ ಮಗೂಗೆ ಕಾರ್ಡಿಲ್ಲ. ನೀವೇ ಹೇಳಿ, ಯಾವುದನ್ನ ಬಿಡ್ಲಿ ಅವಳು?"

"ನಿಯಮ ನಾನು ಮಾಡಿದ್ದಲ್ಲಮ್ಮ."

"ಬದಲಾಯಿಸಿ ಅಂತ ಬರೆದು ಕಳಿಸೋದು ನಿಮ್ಮ ಕೈಲೇ ಇದೆಯಂತಲ್ಲ. ಬರೆದು ಬನ್ನಿ, ಇನ್ನೊಂದು ಹುಬ್ಬು ಆಗ ಮಾಡ್ತೀನಿ."

"ಏನಿದು, ಬೆದರಿಕೆನಾ?"

"ಅಯ್ಯೋ, ಬೆದರಿಕೆ ಎಲ್ಲಿ ಬಂತು? ಕೈ ನೋವು."

ತಲೆಗೆ ಬಣ್ಣ ಮೆತ್ತಿಕೊಂಡು ಕೂತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮೇಡಂಗೂ ನಗು ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ತಮ್ಮ ಒಂದೂವರೆ ಹುಬ್ಬಿನ ಮುಖ ನೋಡಿಕೊಂಡರು. ಆಮೇಲೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: "ಆಯ್ತು, ಸಾಕೋರು ಇವರೇ ಅಂತ ನಾನು ಹೇಗೆ ನಂಬಲಿ? ನಾಳೆ ಯಾರೋ ಯಾರದೋ ಮಗೂನ ತಂದು ನಿಲ್ಲಿಸಿದ್ರೆ?"

ನಾನು ಬಾಯಿ ತೆರೆದೆ. ಸಾರ್ವತ್ರಿಕ ರಕ್ಷಣೆಯ ಬಗ್ಗೆ ನನ್ನ ಹತ್ತಿರ ಒಂದು ಇಡೀ ಭಾಷಣವೇ ಇತ್ತು. ಅತ್ತೆ ನನ್ನ ತೋಳು ಚಿವುಟಿದಳು.

"ಮಗೂನೇ ಕೇಳಿ ಮೇಡಂ. ನಿನ್ನ ತಾಯಿ ಯಾರು ಅಂತ ಕೇಳಬೇಡಿ. ಜ್ವರ ಬಂದಾಗ ನಿನ್ನ ಹತ್ತಿರ ಯಾರು ಎದ್ದು ಕೂರ್ತಾರೆ ಅಂತ ಕೇಳಿ. ಇಷ್ಟಿಷ್ಟು ಮಕ್ಕಳಿಗೆ ಅದರಲ್ಲಿ ಸುಳ್ಳು ಹೇಳೋಕೆ ಬರಲ್ಲ. ಯಾರ ಹೆಸರು ಹೇಳ್ತಾವೋ ಅವರ ಕೈಲಿ ಸಹಿ ಹಾಕಿಸ್ಕೊಳ್ಳಿ."

ಮೇಡಂ ಏನೂ ಒಪ್ಪಿಕೊಳ್ಳಲಿಲ್ಲ. ಆದರೂ ಅತ್ತೆ ಎರಡನೇ ಹುಬ್ಬು ತೀಡಲು ಶುರುಮಾಡಿದಳು. "ಬಂದೋರನ್ನ ಅರ್ಧಕ್ಕೆ ಕಳಿಸೋ ಅಭ್ಯಾಸ ನನಗಿಲ್ಲ, ನಿಮ್ಮ ಆಫೀಸಿನ ಥರ ಅಲ್ಲ," ಎಂದಳು. ಮೇಡಂ ಕಣ್ಣು ಮುಚ್ಚಿಕೊಂಡೇ ನಕ್ಕರು.

ಅವರು ಬರೆದರು ಅಮ್ಮ. ಬರೆದರಷ್ಟೇ ಅಲ್ಲ, ನಗರಸಭೆಯ ಸಭೆಯಲ್ಲಿ ಎದ್ದು ನಿಂತು ವಾದಿಸಿದರು. ಅಧಿಕಾರಿಗಳೆಂದರೆ ಒಂದೇ ಅಚ್ಚಿನವರು ಎಂದು ನಾನು ಎಷ್ಟು ಸಲ ಬರೆದಿಲ್ಲ! ಈಗ ಆ ಮಾತಿಗೆ ಸ್ವಲ್ಪ ಉಪ್ಪುಖಾರ ಕಡಿಮೆ ಮಾಡಬೇಕು. ಅತ್ತೆಯೂ ಕೈಕಟ್ಟಿ ಕೂರಲಿಲ್ಲ. ಪಾರ್ಲರಿಗೆ ಬಂದ ಯಾರನ್ನೂ ಬಿಡಲಿಲ್ಲ. ತಲೆ ಅವಳ ಕೈಯಲ್ಲಿ, ಕತ್ತರಿ ಕಿವಿಯ ಪಕ್ಕದಲ್ಲಿ, ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ನಗರಸಭೆ ಸದಸ್ಯರ ಹೆಂಡತಿಯರೆಲ್ಲ ಕೂದಲಿನ ಜೊತೆ ಒಂದೊಂದು ಮಗುವಿನ ಕಥೆಯನ್ನೂ ಕಟ್ಟಿಸಿಕೊಂಡು ಮನೆಗೆ ಹೋದರು. ನಿಯಮ ಬದಲಾಯಿತು: ಮಗುವನ್ನು ಸಾಕುವವರು ಯಾರೋ ಅವರೇ ಸಹಿ ಹಾಕಬಹುದು.

ಮತ್ತೆ ನೋಂದಣಿ ನಡೆದ ದಿನ ಮೇಡಂ ಒಂದನೇ ತರಗತಿಯ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತು, ಒಂದೊಂದು ಮಗುವನ್ನೂ ತಾವೇ ಕೇಳಿದರು. ಹಿಂದಿನ ಬೀದಿಯ ತುಂಟಿಯೊಬ್ಬಳು, "ಅಜ್ಜಿ ಎದ್ದು ಕೂರ್ತಾಳೆ, ಕೂತ್ಕೊಂಡೇ ಗೊರಕೆ ಹೊಡೀತಾಳೆ," ಎಂದಳು. ಅಜ್ಜಿ, "ಬಾ ನೀನು ಮನೆಗೆ," ಎಂದು ಕಣ್ಣು ಬಿಟ್ಟಳು. ಮೇಡಂ ನಗುತ್ತಾ ಅಜ್ಜಿಗೆ ಪೆನ್ನು ಕೊಟ್ಟರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಅತ್ತೆ ಬಾಗಿಲಲ್ಲಿ ನಿಂತು ಮಕ್ಕಳ ಮೂಗು ಒರೆಸಿ, ತಲೆ ಬಾಚಿ, ಫೋಟೋಗೆ ಕಳಿಸುತ್ತಿದ್ದಳು. ಅವಳಿಗೆ ಹೊಗಳಿಕೆ ಎಂದರೆ ಪ್ರಾಣ. ಪತ್ರಿಕೆಯವರು ಬಂದಾಗ ಎಲ್ಲರಿಗಿಂತ ಮುಂದೆ ಬಂದು ಸೆರಗು ಸರಿಮಾಡಿಕೊಂಡಳು. ನಿಲ್ಲಲಿ ಬಿಡು. ಆ ಜಾಗ ಅವಳದೇ.

ಅವಳ ಜೊತೆ ಈಗಲೂ ಜಗಳವಾಡುತ್ತೇನೆ. ಹಕ್ಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಎಲ್ಲ ಊರಲ್ಲೂ ಇಂಥದೊಬ್ಬಳು ಅತ್ತೆ ಇರುವುದಿಲ್ಲವಲ್ಲ, ಅಲ್ಲಿನ ಮಕ್ಕಳ ಗತಿಯೇನು? ಅದನ್ನು ಹೇಳಿದರೆ ಅವಳು, "ಅದನ್ನ ಬರಿ, ಅದು ಚೆನ್ನಾಗಿದೆ," ಎನ್ನುತ್ತಾಳೆ. ಹೊಸ ಕರಪತ್ರ ಅಲ್ಲಿಂದಲೇ ಶುರುವಾಗಿದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಗುಬ್ಬಿಯ ಕಾರ್ಡು ನಿನ್ನೆ ಬಂತು. ಫೋಟೋದಲ್ಲಿ ಒಂದು ಕಣ್ಣು ಮುಚ್ಚಿದೆ, ಹಲ್ಲೆಲ್ಲ ಕಾಣುತ್ತಿದೆ. ಚಳಿ ಶುರುವಾಗುವ ಮೊದಲೇ ಅವಳನ್ನು ಎದೆಯ ಡಾಕ್ಟರಿಗೆ ತೋರಿಸುತ್ತೇನೆ. ನೀನು ಸರಿಯಾಗಿ ಊಟ ಮಾಡು. ನೀನು ನೋಡಿಕೊಳ್ಳುವ ಆ ಮನೆಯ ಇಬ್ಬರು ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಹಿಡಿದಿದೆ ಎಂದಿದ್ದೆಯಲ್ಲ, ಬಿಸಿನೀರಿನ ಶಾಖ ಕೊಟ್ಟುಕೋ. ಗುಬ್ಬಿಯನ್ನೂ ನನ್ನನ್ನೂ ನೀನಿರುವಲ್ಲಿಂದಲೇ ಹರಸು, ನಮಗೆ ಇಲ್ಲಿಯವರೆಗೂ ಮುಟ್ಟುತ್ತದೆ.

ನಿನ್ನ
ದೊಡ್ಡ ಮಗಳು

ಇನ್ನೊಂದು ಮಾತು: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಆ ದಿನ ಗುಬ್ಬಿಯನ್ನೂ ಕೇಳಿದರು. ಯೋಚನೆಯನ್ನೇ ಮಾಡದೆ "ಅಕ್ಕ" ಎಂದಳು. "ಅಮ್ಮ ಎದ್ದು ಕೂರಲ್ವಾ ಪುಟ್ಟಿ?" ಎಂದರು ಮೇಡಂ. ಗುಬ್ಬಿ ನಿನ್ನ ಮೇಲೆ ದೂರು ಹೇಳಲಿಲ್ಲ ಅಮ್ಮ, ಜಂಬದಿಂದಲೇ ಹೇಳಿದಳು: "ಕೂರ್ತಾಳಲ್ಲ! ಅಲ್ಲಿ ಆ ಮನೆ ಮಕ್ಕಳಿಗೆ ಜ್ವರ ಬಂದ್ರೆ ನಮ್ಮಮ್ಮನೇ ಎದ್ದು ಕೂರೋದು." ಮೇಡಂ ಎಲ್ಲಿ ಸಹಿ ಹಾಕಬೇಕೆಂದು ನನಗೆ ಬೆರಳಿನಿಂದ ತೋರಿಸಿದರು. ಕಾರ್ಡಿನಲ್ಲಿ ಸಾಕುವವರ ಹೆಸರಿಗೆ ಒಂದೇ ಜಾಗ ಇರುವುದು. ಅಲ್ಲಿ ನನ್ನ ಹೆಸರಿದೆ. ನೀನು ಬಂದಾಗ ಅದನ್ನು ನೀನಾಗಿಯೇ ನೋಡುವುದಕ್ಕಿಂತ ಮೊದಲು ನಾನೇ ಹೇಳಬೇಕು ಅನ್ನಿಸಿತು.