ಮೂರನೆಯ ಪಾಲು

ಅಕ್ಕನಿಗೆ,

ನಾವು ಹಂಚಿಕೊಂಡಿದ್ದ ಮನೆಗೆ ನಾನು ಕೊಟ್ಟಿದ್ದ ಅಡ್ವಾನ್ಸಿನಲ್ಲಿ ಅರ್ಧ ಮುರಿದುಕೊಂಡು ಉಳಿದದ್ದನ್ನು ಕಳಿಸಿದ್ದೀರಿ, ತಲುಪಿತು. ನನ್ನ ಮಗು ಹುಟ್ಟಿದ ತಿಂಗಳಿನಿಂದ ಬಾಡಿಗೆ, ನೀರು, ಕರೆಂಟು ಎಲ್ಲವನ್ನೂ ಮೂರು ಪಾಲು ಮಾಡಿ, ಎರಡನ್ನು ನನ್ನ ತಲೆಗೆ ಕಟ್ಟಿದ್ದೀರಿ. ಇನ್ನೂ ಕೂರಲು ಬಾರದ ಮಗು ಅದು. ಕೇಳಿದ್ದಕ್ಕೆ, "ಅದೂ ಒಂದು ಜೀವ ಅಲ್ವೇನೇ, ಗಾಳಿ ಕುಡಿದು ಬದುಕುತ್ತಾ?" ಎಂದು ಫೋನಿನಲ್ಲಿ ನಕ್ಕಿರಿ. ಸರಿ. ಹಾಗಾದರೆ ಮನೆ ಬಿಡು ಅನ್ನುವ ಮುಂಚೆ ಆ ಪಾಲುದಾರಳನ್ನೂ ಒಂದು ಮಾತು ಕೇಳಬೇಕಿತ್ತು.

ಅವಳ ಅಳುವಿನಿಂದ ನಿಮ್ಮ ಹೊಲಿಗೆ ಕೆಡುತ್ತದೆ ಎಂದಿರಿ. ನಿಮ್ಮ ಮೆಷಿನ್ನಿನ ಸದ್ದಿಗೇ ಅವಳಿಗೆ ನಿದ್ದೆ ಹತ್ತುತ್ತಿತ್ತು. ತೊಟ್ಟಿಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದವರು ನೀವೇ.

ಈಗ ಬಂದು ಸೇರಿದ ಈ ಬಾಡಿಗೆ ಕೋಣೆಯಲ್ಲಿ ನನಗೂ ಅವಳಿಗೂ ನಿದ್ದೆಯಿಲ್ಲ. ಅವಳ ಪಾಲೆಂದು ಹಿಡಿದ ದುಡ್ಡನ್ನಾದರೂ ದಯವಿಟ್ಟು ವಾಪಸು ಕಳಿಸಿ. ಇಲ್ಲಿನ ಅಡ್ವಾನ್ಸ್ ಇನ್ನೂ ಪೂರ್ತಿ ಕೊಟ್ಟಿಲ್ಲ. ಓನರ್ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ನಿನ್ನೆ ಎದುರಿನ ಅಂಗಡಿಯಲ್ಲಿ ಯಾರೋ ಹೊಲಿಗೆ ಮೆಷಿನ್ ತುಳಿದರು. ಅಳುತ್ತಿದ್ದವಳು ತಟ್ಟನೆ ನಿಲ್ಲಿಸಿ, ನಿಮ್ಮನ್ನು ಹುಡುಕುವಂತೆ ಬಾಗಿಲ ಕಡೆ ತಿರುಗಿದಳು. ನಾನು ಎದ್ದು ಕಿಟಕಿ ಮುಚ್ಚಿದೆ.

ಇತಿ,
ಎರಡು ಪಾಲು ತೆತ್ತವಳು