ಓವನ್ನಿನ ಹಿಂದೆ ಹೂತ ಸ್ವಿಚ್ಚು

ಬಾಯಾರು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಲೋಕನಾಥ ಮಾವನಿಗೆ,

ನೀವು ಕಳಿಸಿದ ಹೇಳಿಕೆ ನನ್ನ ಮುಂದೆಯೇ ಇದೆ. ‘ಮನೆಗೆಲಸದ ಹೆಂಗಸು ಒದ್ದೆ ಕೈಯಲ್ಲಿ ಓವನ್ ಮುಟ್ಟಿದ್ದರಿಂದ ಅಪಘಾತವಾಯಿತು’ ಎಂದು ಟೈಪ್ ಮಾಡಿಸಿ, ಕೆಳಗೆ ನನ್ನ ಹೆಸರು, ವಯರ್‌ಮ್ಯಾನ್ ಪರ್ಮಿಟ್ಟಿನ ಸಂಖ್ಯೆ ಎರಡನ್ನೂ ಹಾಕಿಸಿದ್ದೀರಿ. ನಾಳೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರು ಬರುವ ಮೊದಲು ನಾನು ಸಹಿ ಮಾಡಬೇಕು. ಮಾವ, ನಾನು ಮಾಡುವುದಿಲ್ಲ.

ಮೊಗ್ರಾಲಿನ ಆ ಅಡುಗೆಮನೆ ನೆನಪಿದೆಯಲ್ಲ? ಮಾಲೀಕ ಧನರಾಜರು ದುಬೈಯಿಂದ ವಿಡಿಯೋ ಕಾಲಿನಲ್ಲೇ ಇಡೀ ಮನೆ ಕಟ್ಟಿಸಿದರು. ಓವನ್ನಿನ ಪಕ್ಕದ ಗೋಡೆಯಲ್ಲಿ ಸ್ವಿಚ್ಚಿಗೆಂದು ನಾನು ಗುರುತು ಹಾಕಿದಾಗ ಫೋನಿನೊಳಗಿಂದಲೇ ಗದರಿದರು: “ಅಷ್ಟು ಚಂದದ ಗೋಡೆಗೆ ಆ ಕಜ್ಜಿ ಯಾಕೆ? ಹಿಂದೆ ಹಾಕಿ ಮಾರಾಯ್ರೆ, ಯಾರಿಗೂ ಕಾಣ್ಬಾರ್ದು.” ನಾನು ಚೀಲದಿಂದ ಸುರಕ್ಷತೆಯ ಕರಪತ್ರ ತೆಗೆದೆ. ಗೋಡೆಯೊಳಗೆ ಕೂರಿಸಿದ ಉಪಕರಣದ ಕರೆಂಟು ಕಡಿಯುವ ಸ್ವಿಚ್ಚು, ಉಪಕರಣವನ್ನು ಕದಲಿಸದೆ ಕೈಗೆ ಸಿಗಬೇಕು ಎಂಬ ಸಾಲನ್ನು ಮಲಯಾಳದಿಂದ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ. ನೀವು ನಕ್ಕಿರಿ. “ನೋಟೀಸು ಓದಿ ಓದಿ ನೀನು ಮಂತ್ರಿಯೇ ಆಗ್ತಿ. ಮೇಲೆ ಡಿ.ಬಿ. ಉಂಟಲ್ಲ, ಅಲ್ಲಿ ಆಫ್ ಮಾಡಿದ್ರೆ ಆಯ್ತು.”

ಆ ಡಿ.ಬಿ., ಎಲ್ಲ ಸ್ವಿಚ್ಚುಗಳ ಆ ಪೆಟ್ಟಿಗೆ, ಎಲ್ಲಿತ್ತು? ನೆಂಟರಿಗೆ ಕಾಣಬಾರದೆಂದು ಮಹಡಿಯ ಮಲಗುವ ಕೋಣೆಯ ಕಪಾಟಿನೊಳಗೆ. ಗಲ್ಫಿನವರು ಊರಿಗೆ ಬಂದು ಹೋಗುವಾಗ ತಮ್ಮ ಕೋಣೆಗೆ ಬೀಗ ಹಾಕುತ್ತಾರೆ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಇಂಥ ಎಷ್ಟು ಮನೆಗಳಿಗೆ ವಯರು ಎಳೆದವರು ನಾವು! ಆದರೂ ಅದು ನಮ್ಮ ತಲೆಗೆ ಬರಲಿಲ್ಲ.

ಮಂಗಳವಾರ ಓವನ್ನಿನ ಹಿಂದಿನಿಂದ ಹೊಗೆ ಬಂದಾಗ ಮನೆ ನೋಡಿಕೊಳ್ಳುವ ಜಲಜಾಕ್ಷಿಯಕ್ಕ ಒಬ್ಬರೇ ಇದ್ದರು. ನಿಮಗೇ ಫೋನು ಮಾಡಿದರು. ನೀವು “ಮೇಲೆ ಹೋಗಿ” ಅಂದಿರಿ. ಅವರು ಓಡಿದರು, ಬಾಗಿಲಿಗೆ ಬೀಗ. ಗೇಟಿನ ಹತ್ತಿರ ಮೀಟರಿನ ಪಕ್ಕ ಮೇನ್ ಸ್ವಿಚ್ಚಿದೆ ಎಂದು ನಿಮಗೆ ನೆನಪಾಗಿ ತಿರುಗಿ ಫೋನು ಮಾಡುವಷ್ಟರಲ್ಲಿ ಅವರು ಓವನ್ನನ್ನೇ ಗೂಡಿನಿಂದ ಎಳೆದು, ಕರಗುತ್ತಿದ್ದ ಪ್ಲಗ್ಗಿಗೆ ಕೈ ಹಾಕಿಯಾಗಿತ್ತು. ನಿನ್ನೆ ಆಸ್ಪತ್ರೆಯಲ್ಲಿ ನೋಡಿ ಬಂದೆ. ಬಲಗೈ ಮಣಿಕಟ್ಟಿನವರೆಗೂ ಬ್ಯಾಂಡೇಜು. ಕೆಲಸ ಮುಗಿದ ಮೇಲೆ ಬೀಡಿ ಕಟ್ಟುತ್ತಿದ್ದ ಕೈ ಅದು. “ಗೋಡೆ ಇಡೀ ತಡಕಾಡಿದೆ ಮಗಾ,” ಅಂದರು, “ಸ್ವಿಚ್ಚು ಎಲ್ಲಿ ಇಟ್ಟಿದ್ರಿ ನೀವು?” ಅವರ ಕೈ ಒದ್ದೆಯಾಗಿರಲಿಲ್ಲ ಮಾವ. ಒಲೆ ಒರೆಸುವ ಒಣ ಬಟ್ಟೆ ಸುತ್ತಿಕೊಂಡೇ ಎಳೆದದ್ದಂತೆ.

ಸಾಕೆಟ್ಟಿನ ಒಳಗೆ ವಯರು ಸಡಿಲಾಗಿ ಕಾದಿದೆ ಎಂದು ಆಮೇಲೆ ಬಿಚ್ಚಿ ನೋಡಿದ ಮೇಸ್ತ್ರಿ ಹೇಳಿದ. ಆ ಸ್ಕ್ರೂ ತಿರುಗಿಸಿದ್ದು ನಾನು. ಇದನ್ನೂ ಹೇಳುತ್ತೇನೆ. ಯಾರ ಕೈಯಲ್ಲೂ ಒಂದು ಸ್ಕ್ರೂ ಸಡಿಲಾಗಬಹುದು. ನಮ್ಮಂಥವರ ಕೈ ತಪ್ಪುತ್ತದೆಂದೇ ಕರಪತ್ರದಲ್ಲಿ ಆ ಸಾಲನ್ನು ಬರೆದಿದ್ದಾರೆ. ಓದಿ ಹೇಳಿದವಳೂ ನಾನೇ, ಬಯ್ಗುಳಕ್ಕೆ ಹೆದರಿ ಸ್ವಿಚ್ಚನ್ನು ಹಿಂದೆ ಹೂತವಳೂ ನಾನೇ. ನಿಮ್ಮ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದು.

ನಿಮ್ಮ ಲೈಸೆನ್ಸು ಹೋಗಬಹುದು ಎಂದು ಅಮ್ಮ ಅಳುತ್ತಿದ್ದಾಳೆ. ನನ್ನ ಪರ್ಮಿಟ್ಟೂ ಹೋಗಬಹುದು. ಏಣಿ ಹತ್ತಿದ ಹುಡುಗಿಯನ್ನು ನೋಡಿ ಕುಂಬಳೆಯಲ್ಲಿ ಗಂಡಸರು ನಕ್ಕಾಗ, “ನನ್ನ ಅಕ್ಕನ ಮಗಳು. ನಗುವವರು ಮೊದಲು ಒಂದು ಫ್ಯೂಸು ಕಟ್ಟಿ ತೋರಿಸಿ” ಅಂದವರು ನೀವು. ನನಗೆ ಈ ಕೆಲಸ ಕೊಟ್ಟವರ ಕೆಲಸಕ್ಕೇ ಕಲ್ಲು ಹಾಕುತ್ತಿದ್ದೇನೆ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಆದರೂ ಸುಟ್ಟ ಕೈಯವರ ಮೇಲೆಯೇ ತಪ್ಪು ಹೊರಿಸಿ ನಾವಿಬ್ಬರು ಮುಂದಿನ ಮನೆಗೆ ಏಣಿ ಹೊತ್ತುಕೊಂಡು ಹೋಗಲಾರೆವು.

ಬೇರೆ ಹೇಳಿಕೆಯನ್ನು ನಾನೇ ಬರೆದಿದ್ದೇನೆ. ನಡೆದದ್ದು ಮಾತ್ರ ಅದರಲ್ಲಿದೆ. ನನ್ನ ಸಹಿ ಆಗಿದೆ, ಅದರ ಕೆಳಗೆ ಒಂದು ಸಹಿಗೆ ಜಾಗ ಬಿಟ್ಟಿದ್ದೇನೆ. ನಾಳೆ ಹತ್ತು ಗಂಟೆಗೆ ಆ ಮನೆಯ ಗೇಟಿನಲ್ಲಿ ನಿಂತಿರುತ್ತೇನೆ. ನೀವು ಬಾರದಿದ್ದರೂ ಹೇಳುತ್ತೇನೆ ಮಾವ. ಬಂದರೆ ನನ್ನ ಸ್ವರ ನಡುಗುವುದಿಲ್ಲ.

ನಿಮಗೆ ಒಳ್ಳೆಯದಾಗಲಿ, ಯಾರೂ ನಿಮ್ಮ ಕೆಲಸಕ್ಕೆ ಹೆದರದಿರಲಿ ಎಂದು ಬೇಡುವ,

ನಿಮ್ಮ ಶಿಷ್ಯೆ,
ಭವ್ಯಶ್ರೀ