ತೀರಿಹೋದವರ ಕಮಿಟಿಯೂ ಮೊಣಕಾಲೆತ್ತರದ ಗೋಡೆಯೂ

ನಮ್ಮ ತಾಲ್ಲೂಕಿನ ಮಾನ್ಯ ಅಮಲ್ದಾರರೇ,

ತಾವು ಕರಡಿಬಂಡೆಹಟ್ಟಿಗೆ ನೇಮಿಸಿಕೊಟ್ಟಿರುವ ಗ್ರಾಮಾಭಿವೃದ್ಧಿ ಕಮಿಟಿಯ ಸದಸ್ಯರೆಲ್ಲರೂ ಸತ್ತವರು. ನೇಮಕವಾದ ಮೇಲೆ ಸತ್ತವರಲ್ಲ, ಸತ್ತ ಮೇಲೆ ನೇಮಕವಾದವರು. ಈ ಕಮಿಟಿಯ ಠರಾವಿಲ್ಲದೆ ಊರಬಾವಿಯ ಒಂದು ಕಲ್ಲನ್ನೂ ಯಾರೂ ಮುಟ್ಟಕೂಡದೆಂದು ತಮ್ಮ ಕಚೇರಿಯ ಹುಕುಂ ಆಗಿದೆ. ಆದಕಾರಣ ಬಾವಿಗೆ ಕಟ್ಟುತ್ತಿದ್ದ ಗೋಡೆ ಮೊಣಕಾಲೆತ್ತರಕ್ಕೆ ಬಂದು ನಿಂತಿದೆ, ಬೇಸಿಗೆ ಮಾತ್ರ ಯಾವ ಠರಾವಿಗೂ ಕಾಯದೆ ಬರುತ್ತಿದೆ. ಕೊಟ್ಟ ಅರ್ಜಿಗಳು ತಮ್ಮ ಕಚೇರಿಯಲ್ಲಿ ಸುಖವಾಗಿ ನಿದ್ರಿಸುತ್ತಿರುವುದರಿಂದ, ಅವುಗಳ ನಿದ್ದೆ ಕೆಡಿಸುವ ಪಾಪಕ್ಕೆ ಹೋಗದೆ, ಈ ಪತ್ರವನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿದ್ದೇನೆ.

ಮೊದಲು ಬಾವಿಯ ವಿಚಾರ. ಜೋಗಿಮಟ್ಟಿಯ ಮೇಲೆ ಕವಿಯುವ ಮೋಡವನ್ನು ನಾವು ನೋಡುತ್ತೇವೆ, ಅದು ಸುರಿಸುವ ಮಳೆಯನ್ನು ಬೇರೆ ಊರಿನವರು ನೋಡುತ್ತಾರೆ. ನಮಗೆ ಇರುವುದು ಇದೊಂದೇ ನೀರು, ಅದೂ ಮೆಟ್ಟಿಲುಬಾವಿ. ಕೊಡ ತುಂಬಬೇಕಾದರೆ ಇಳಿದುಹೋಗಿ ನೀರಿನೊಳಗೇ ನಿಲ್ಲಬೇಕು. ಕಾಲಿನಲ್ಲಿ ನಾರುಹುಣ್ಣು ಎದ್ದವರೂ ಅಲ್ಲೇ ನಿಲ್ಲುತ್ತಾರೆ, ತಣ್ಣೀರಿಗೆ ಉರಿ ಇಳಿಯುತ್ತದೆಂದು ಇನ್ನಷ್ಟು ಹೊತ್ತು ನಿಲ್ಲುತ್ತಾರೆ. ಹುಣ್ಣಿನಿಂದ ಹುಳುವಿನ ಮರಿ ನೀರಿಗೆ, ನೀರಿನಿಂದ ಕೊಡಕ್ಕೆ, ಕೊಡದಿಂದ ಹೊಟ್ಟೆಗೆ, ಬರುವ ವರ್ಷ ಹೊಟ್ಟೆಯಿಂದ ಇನ್ನೊಬ್ಬರ ಕಾಲಿಗೆ. ಇದನ್ನು ನಮಗೆ ತಿಳಿಯಹೇಳಿದವರು ದುರ್ಗದಿಂದ ಬಂದಿದ್ದ ಸರ್ಕಾರಿ ಡಾಕ್ಟರು. ಮೆಟ್ಟಿಲಿಗೆ ಅಡ್ಡವಾಗಿ ಆಳೆತ್ತರದ ಗೋಡೆ ಹಾಕಿ, ಮೇಲೊಂದು ರಾಟೆ ನಿಲ್ಲಿಸಿ, ಹಗ್ಗದಲ್ಲಿ ಸೇದಿ ಕುಡಿಯಿರಿ, ಯಾರೂ ನೀರಿಗೆ ಇಳಿಯದಿದ್ದರೆ ಹುಳುವೂ ಇಳಿಯುವುದಿಲ್ಲ ಎಂದರು. ಪ್ರಾಯದವರೆಲ್ಲ ಗಂಭೀರವಾಗಿ ತಲೆಯಾಡಿಸಿ ಹೊಲಕ್ಕೆ ಹೋದೆವು.

ಹೋಗದೆ ಉಳಿದವರು ಇಬ್ಬರು. ಒಬ್ಬಳು ನಮ್ಮ ಪಕ್ಕದ ಮನೆಯ ಗಂಗಕ್ಕ, ಹಲ್ಲು ಉದುರಿಹೋಗಿ ನಾಲಿಗೆಗೆ ವಿಶಾಲವಾದ ಜಾಗ ಮಾಡಿಕೊಂಡಿರುವ ಮುದುಕಿ. ಇನ್ನೊಬ್ಬ ಕಾಟಪ್ಪ, ಆಯುಷ್ಯವನ್ನೆಲ್ಲ ಕಲ್ಲು ಒಡೆದು ಕಳೆದವನು, ಈಗ ಕಣ್ಣು ಮಸುಕಾಗಿ ಮನೆ ಜಗಲಿ ಹಿಡಿದವನು.

“ಕಣ್ಣು ಕಾಣಲ್ಲ ಕಣಕ್ಕ, ನನ್ನ ಯಾಕೆ ಎಳೀತೀಯ,” ಎಂದ ಕಾಟಪ್ಪ.

“ಬಾವಿ ಕಾಣ್ತೈತೋ ಇಲ್ಲೋ?”

“ಅಷ್ಟು ಕಾಣ್ತೈತೆ.”

“ಹಂಗಾರೆ ಅದರಾಗೆ ಬೀಳದಂಗೆ ಕುಂತ್ಕಂಡು ಯಾವ ಕಲ್ಲು ಎಲ್ಲಿಗೆ ಅಂತ ಹೇಳು. ಹೊರೋ ಕತ್ತೆಗಳನ್ನ ನಾನು ಹೊಡ್ಕಂಬರ್ತೀನಿ.”

ಹೊಡೆದುಕೊಂಡು ಬಂದ ಕತ್ತೆಗಳಲ್ಲಿ ತಮ್ಮ ವಿಧೇಯನೂ ಒಬ್ಬ. ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆಂದು ಸರ್ಕಾರ ಹೇಳಿದ್ದನ್ನು ಗಂಗಕ್ಕ ಯಾವ ಸುತ್ತೋಲೆಯೂ ಇಲ್ಲದೆ ಜಾರಿಗೆ ತಂದಳು. ಬಾರದವರ ಮನೆಯ ಮುಂದೆ ನಿಂತು ಅವರ ಹುಟ್ಟಿನಿಂದ ಹಿಡಿದು ಮಾತಾಡುತ್ತಿದ್ದಳು. ಗೋಡೆ ಮೊಣಕಾಲಿಗೆ ಬಂತು. ಇಷ್ಟರಲ್ಲಿ ಸರ್ಕಾರದ ಕೃಪೆ ನಮ್ಮ ಮೇಲೆ ಬಿತ್ತು.

ತಮ್ಮ ಶೇಕದಾರರು ತಟ್ಟುವಾಣಿ ಕುದುರೆ ಏರಿ ನಮ್ಮೂರಿಗೆ ದಯಮಾಡಿಸಿದ್ದು ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ಆ ದಿನ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಹೋದ ಹಿರಿಯರಿಗೆ ಹೊಸ ಪಂಚೆ ಇಟ್ಟು, ಕಡುಬು ಬಡಿಸಿ, ಅವರು ಬಂದು ಉಂಡು ಹೋಗಲೆಂದು ಬಾಗಿಲು ತೆರೆದಿಟ್ಟು ಕಾಯುವ ಹೊತ್ತು. ಶೇಕದಾರರು ಕೆಳಗಿಳಿಯದೆ, “ಊರ ಹಿರಿಯರ ಹೆಸರು ಹೇಳಿರಿ, ಸರ್ಕಾರದವರು ಅವರಿಗೆ ಮರ್ಯಾದೆ ಮಾಡುತ್ತಾರೆ,” ಎಂದರು. ಮಹಾರಾಜರ ಸರ್ಕಾರ ನಮ್ಮ ಸತ್ತವರನ್ನೂ ಮರೆತಿಲ್ಲವೆಂದು ಊರಿಗೆ ಊರೇ ಕಣ್ಣೊರೆಸಿಕೊಂಡಿತು.

“ಈ ಮನೆಗೆ ಹಿರಿಯರು ಯಾರು?” ಎಂದು ಅವರು ಗಂಗಕ್ಕನ ಬಾಗಿಲಲ್ಲಿ ಕೇಳಿದರು. ಗಂಡನ ಹೆಸರು ಹೇಳುವ ರೂಢಿ ನಮ್ಮ ಹೆಂಗಸರಲ್ಲಿಲ್ಲವಾಗಿ ಪಕ್ಕದವರು ಹೇಳಿದರು: “ಸಣ್ಣತಿಮ್ಮಪ್ಪ ಅಂತ ಸ್ವಾಮಿ.”

“ವಯಸ್ಸು?”

“ಎಪ್ಪತ್ತಕ್ಕೆ ನಿಂತೈತೆ,” ಎಂದಳು ಗಂಗಕ್ಕ.

“ನಡತೆ ಹೇಗೆ?”

“ಮೊದಲು ಸಿಟ್ಟು ಜಾಸ್ತಿ ಇತ್ತು. ಈಗ ಯಾರ ತಂಟೆಗೂ ಬರಲ್ಲ.”

“ಕರಿಯಮ್ಮ, ನೋಡೋಣ.”

“ಉಣ್ಣಾಕೆ ಬರೋ ಹೊತ್ತು ಸ್ವಾಮಿ. ಅವರು ಉಂಡು ಹೋದ ಮ್ಯಾಲೇ ನಾವು ಉಣ್ಣದು. ಕುಂತ್ಕಳ್ರಿ, ನೀವೂ ಉಂಡು ಹೋಗ್ರಿ.”

ಹಿರಿಯರಿಗಿಂತ ಮೊದಲು ತುತ್ತೆತ್ತದ ಈ ಶಿಸ್ತಿಗೆ ಶೇಕದಾರರು ಮೆಚ್ಚಿ ತಲೆದೂಗಿದರು. ಕೂತು ಕಾಯುವ ಪುರಸೊತ್ತು ಅವರಿಗಿರಲಿಲ್ಲ. ಇದ್ದಿದ್ದರೆ ಸಣ್ಣತಿಮ್ಮಪ್ಪನವರು ಬರುವ ರೀತಿಯನ್ನು ಕಣ್ಣಾರೆ ಕಂಡು ಹೋಗಬಹುದಿತ್ತು. ಹೀಗೆ ಮನೆಮನೆಗೂ ಆಯಿತು. ಸಣ್ಣತಿಮ್ಮಪ್ಪನವರು ಕಮಿಟಿಯ ಅಧ್ಯಕ್ಷರಾದರು. ಸಂಭಾವಿತರು, ಲಂಚ ಮುಟ್ಟಿದವರಲ್ಲ, ಇನ್ನು ಮುಟ್ಟುವವರೂ ಅಲ್ಲ.

ತಪ್ಪು ಯಾರಿಂದಲೂ ಆಗುತ್ತದೆ, ಮಾನ್ಯರೇ. ಅದಕ್ಕೆ ನಗಬಹುದು, ನಾವು ನಕ್ಕೆವು. ಆದರೆ ನಗು ಮುಗಿದ ಮೇಲೆ ತಪ್ಪಿನಿಂದ ಹೊರಗೆ ಬರಲು ಒಂದು ಬಾಗಿಲು ಬೇಡವೇ? ಸತ್ತವರನ್ನು ಬಿಟ್ಟು ಇದ್ದವರನ್ನು ಸೇರಿಸಿಕೊಳ್ಳಿರೆಂದು ಅರ್ಜಿ ಕೊಟ್ಟೆವು. ಸದಸ್ಯರು ರಾಜೀನಾಮೆಗೆ ರುಜು ಹಾಕಲಿ ಎಂದು ಉತ್ತರ ಬಂತು. ಅವರು ಸತ್ತಿದ್ದಾರೆ ಎಂದು ಬರೆದೆವು. ಅದಕ್ಕೆ ಬಂದ ಉತ್ತರವನ್ನು ಊರಿನವರೆಲ್ಲ ಈಗ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ: “ನೇಮಕಾನಂತರ ಸದಸ್ಯನು ಮೃತನಾದಲ್ಲಿ ಮಾತ್ರ ಸ್ಥಾನವು ತೆರವಾಗತಕ್ಕದ್ದು.” ನಮ್ಮವರು ಮೊದಲೇ ಸತ್ತುಬಿಟ್ಟಿದ್ದಾರೆ. ತಮ್ಮ ನಿಯಮಕ್ಕಾಗಿ ಅವರು ಇನ್ನೊಮ್ಮೆ ಸಾಯುವುದು ಹೇಗೆಂದು ತಾವೇ ಅಪ್ಪಣೆ ಕೊಡಿಸಬೇಕು. ಈ ನಡುವೆ ಹಾರೆ ಗುದ್ದಲಿಗಳನ್ನೆಲ್ಲ ಚಾವಡಿಯಲ್ಲಿಟ್ಟು ಬೀಗ ಹಾಕಿಸಿದಿರಿ. ಪಟೇಲರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಗಕ್ಕ ಎದುರಾದರೆ ಬೇರೆ ಓಣಿ ಹಿಡಿಯುತ್ತಾರೆ.

ಕೊನೆಗೆ ಅವಳೇ ತಮ್ಮ ಕಚೇರಿಗೆ ನಡೆದು ಬಂದಳು. ಜೊತೆಗೆ ನಾನಿದ್ದೆ. ತಮ್ಮ ಗುಮಾಸ್ತರು ತಲೆಯೆತ್ತದೆ, “ನೀನು ಕಮಿಟೀಲಿ ಇದೀಯೇನಮ್ಮ?” ಎಂದರು.

“ನಾನಿನ್ನೂ ಇಲ್ಲ ಸ್ವಾಮಿ. ನಮ್ಮ ಯಜಮಾನ್ರು ಅವರೆ.”

“ಹಾಗಾದರೆ ಅವರನ್ನೇ ಕಳಿಸು.”

“ಕರೆದ್ರೆ ಬರಂಗಿದ್ರೆ ನಾನ್ಯಾಕೆ ಈ ಬಿಸಿಲಾಗೆ ನಡೀತಿದ್ದೆ?”

ಎದುರಿಗೆ ನಿಂತ ವಿಧವೆಯ ಬರಿಹಣೆ ಆ ಕಚೇರಿಗೆ ಕಾಣಲಿಲ್ಲ. ಅಧ್ಯಕ್ಷರಿಗೆ ಮೈ ಸರಿಯಿಲ್ಲದಿದ್ದರೆ ಡಾಕ್ಟರ ಸರ್ಟಿಫಿಕೇಟು ತರಬೇಕೆಂದರು. ಹಿಂದಿರುಗುವ ದಾರಿಯಲ್ಲಿ ಗಂಗಕ್ಕ, “ಲೇ ಜಂಬಣ್ಣ, ಆ ಕಮಿಟಿಗೆ ಸೇರಕೆ ನನಗೇನು ಬಾಳ ದಿನ ಬೇಕಿಲ್ಲ. ಆದ್ರೆ ಸೇರಿದ ಮ್ಯಾಲೆ ಕಲ್ಲು ಹೊರಕ್ಕಾಗಲ್ವಲ್ಲೋ,” ಎಂದಳು.

ನನ್ನ ಅತ್ತಿಗೆ ವೀರಮ್ಮನ ಸಂಗತಿ ಹೇಳುತ್ತೇನೆ, ಇದರಲ್ಲಿ ನಗುವುದಕ್ಕೇನೂ ಇಲ್ಲ. ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅವರ ಹಿಮ್ಮಡಿಯ ಮೇಲೆ ನಾರು ತಲೆ ಹಾಕಿತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು, ಅವಸರ ಮಾಡಿದರೆ ಹರಿಯುತ್ತದೆ. ಒಂದು ದಿನ ಕರು ಹಗ್ಗ ಬಿಚ್ಚಿಕೊಂಡು ಓಡಿತೆಂದು ಅತ್ತಿಗೆ ದಡಬಡಿಸಿ ಎದ್ದರು, ನಾರು ಒಳಗೇ ಹರಿಯಿತು. ಕಾಲು ಕೊಳೆಯಿತು. ಬದುಕಿಕೊಂಡರು, ಆದರೆ ಮಡಿಸಿದ ಮಂಡಿ ಮತ್ತೆ ನೆಟ್ಟಗಾಗಲಿಲ್ಲ. ಈಗ ಅವರ ಬದಲು ಬಾವಿಗೆ ಇಳಿಯುತ್ತಿರುವುದು ಅವರ ಮಗಳು ಕಮಲಿ. ತಾಮ್ರದ ಕೊಡ ಅವಳ ಸೊಂಟಕ್ಕೆ ಇನ್ನೂ ಕೂರುವುದಿಲ್ಲ. ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುತ್ತೇವೆ. ಬಾಯಾರಿದ ಹುಡುಗಿ ಬಾವಿಯಲ್ಲೇ ಬೊಗಸೆಯೆತ್ತಿ ಕುಡಿಯುವುದನ್ನು ಯಾವ ಬಟ್ಟೆ ಸೋಸುತ್ತದೆ? ಅರ್ಧ ಕಟ್ಟಿದ ಗೋಡೆಯಿಂದ ಆದ ಅಭಿವೃದ್ಧಿಯೆಂದರೆ, ಅವಳು ತುಂಬಿದ ಕೊಡದ ಸಮೇತ ಅದನ್ನೂ ದಾಟಬೇಕು. ಕುಡಿಯದಿದ್ದರೆ ಈ ವರ್ಷ ಉಳಿಯುವಂತಿಲ್ಲ, ಕುಡಿದರೆ ಬರುವ ವರ್ಷ ಏಳುವಂತಿಲ್ಲ. ಶಿವರಾತ್ರಿ ಕಳೆದರೆ ನೀರು ತಳಕ್ಕಿಳಿಯುತ್ತದೆ, ಆಗ ಊರೆಲ್ಲ ಒಂದೇ ಮಡುವಿನಲ್ಲಿ ಕಾಲಿಟ್ಟು ಅದನ್ನೇ ತುಂಬಿಕೊಳ್ಳಬೇಕು.

ಕಳೆದ ತಿಂಗಳು ತಮ್ಮ ಕಚೇರಿಯಿಂದ ಸದಸ್ಯರಿಗೆ ನೋಟೀಸು ಬಂತು, ಸಭೆಗಳಿಗೆ ಗೈರುಹಾಜರಾದದ್ದೇಕೆ ಎಂದು. ಹಂಚಬೇಕಾದ ತಳವಾರ ಪಾಪಣ್ಣ ನನ್ನ ಮುಂದೆ ಕೂತು ಗೋಳಾಡಿದ: “ಜಾರಿ ಮಾಡ್ದಿದ್ರೆ ನನ್ನ ಕೆಲಸ ಹೋಗ್ತೈತಪ್ಪ. ಎಲ್ಲಿ ಅಂತ ಮಾಡ್ಲಿ?”

“ಅವರವರು ವಾಸ ಇರೋ ಕಡೆ,” ಎಂದೆ. “ಹೋಗಾಣ ನಡಿ.”

ಇಬ್ಬರೂ ಊರ ಹೊರಗಿನ ಸಮಾಧಿಗಳ ಬಳಿಗೆ ಹೋಗಿ, ನಾನು ರುಮಾಲು ಸರಿಪಡಿಸಿಕೊಂಡು ನೋಟೀಸನ್ನು ಗಟ್ಟಿಯಾಗಿ ಓದಿದೆ. ಪ್ರತಿಯೊಬ್ಬ ಸದಸ್ಯರ ಕಲ್ಲಿನ ಮೇಲೂ ಒಂದೊಂದು ಪ್ರತಿ ಇಟ್ಟು ಬಂದೆವು. ಯಾರೂ ತಕರಾರು ಮಾಡಲಿಲ್ಲವೆಂದು ಪಾಪಣ್ಣ ನಿಜವನ್ನೇ ವರದಿ ಮಾಡಿದ. ಅದಕ್ಕೆ ತಮ್ಮ ಕಚೇರಿ ಏನು ಬರೆಯಿತು? “ಸದಸ್ಯರು ಮೌನವಾಗಿರುವುದರಿಂದ, ಕೆಲಸ ನಿಲ್ಲಿಸಿರುವುದಕ್ಕೆ ಅವರ ಸಮ್ಮತಿಯಿದೆಯೆಂದು ಭಾವಿಸಲಾಗಿದೆ.”

ಬಹಳ ಸಂತೋಷ. ಮೌನವೇ ಸಮ್ಮತಿಯಾದರೆ ನಮ್ಮ ಕಮಿಟಿಯಷ್ಟು ಉದಾರವಾದ ಕಮಿಟಿ ಮೈಸೂರು ಸಂಸ್ಥಾನದಲ್ಲೇ ಇನ್ನೊಂದಿಲ್ಲ. ಹೋದ ಸೋಮವಾರ ಅದೇ ಜಾಗದಲ್ಲಿ ಸಭೆ ಸೇರಿಸಿದೆವು. ಕಾಟಪ್ಪನನ್ನು ಕೈಹಿಡಿದು ಕರೆತಂದೆವು. ಬಾವಿಯ ಗೋಡೆ ಆಳೆತ್ತರಕ್ಕೆ ಏಳತಕ್ಕದ್ದೆಂದು ಗಂಗಕ್ಕ ಸೂಚಿಸಿದಳು, ವಿರೋಧವಿದ್ದವರು ಕೈಯೆತ್ತಬಹುದೆಂದು ನಾನು ಕೇಳಿಕೊಂಡೆ. ಸಾಕಷ್ಟು ಹೊತ್ತು ಕಾದೆವು. ಠರಾವು ಸರ್ವಾನುಮತದಿಂದ ಪಾಸಾಯಿತು. ಒಂದು ಮೌನಕ್ಕೆ ಒಂದು ಅರ್ಥ, ಇನ್ನೊಂದು ಮೌನಕ್ಕೆ ಇನ್ನೊಂದು ಅರ್ಥವೆನ್ನುವುದಾದರೆ, ಆ ಅರ್ಥಭೇದವನ್ನು ತಾವೇ ಬಂದು ನಮ್ಮ ಅಧ್ಯಕ್ಷರಿಗೆ ವಿವರಿಸಬೇಕು.

ನಮ್ಮ ಬೇಡಿಕೆ ಇಷ್ಟೇ: ಚಾವಡಿಯ ಬೀಗ ತೆಗೆಸಿರಿ. ತೆಗೆಸದಿದ್ದರೂ ಬರುವ ಸೋಮವಾರ ಮುದುಕರು ಬರಿಗೈಯಲ್ಲಿ ಕಲ್ಲೆತ್ತುತ್ತಾರೆ. ಹುಕುಂ ಮೀರಿದರೆ ಜೈಲಿಗೆ ಹಾಕುತ್ತಾರೆಂದು ಪಟೇಲರು ಎಚ್ಚರಿಸಿದಾಗ ಗಂಗಕ್ಕ, “ಹಾಕ್ಲಿ ಬಿಡಪ್ಪ, ಅಲ್ಲಿ ಸೇದೋ ಬಾವಿ ಐತಂತೆ,” ಎಂದಳು. ಆದ್ದರಿಂದ ತಾವು ಹಿಡಿದುಕೊಂಡು ಹೋಗಲು ಬರುವುದಾದರೆ ದಯವಿಟ್ಟು ಎರಡು ವಿಷಯ ನಡೆಸಿಕೊಡಿ. ಗಾಡಿ ತನ್ನಿ, ಕಾಟಪ್ಪನಿಗೆ ಅಷ್ಟು ದೂರ ನಡೆಯಲಾಗದು. ಮತ್ತೆ ಸಂಜೆಯ ಮೇಲೆ ಬನ್ನಿ, ಅಷ್ಟರಲ್ಲಿ ಕಮಲಿ ದಾಟಲಾಗದಷ್ಟು ಎತ್ತರಕ್ಕೆ ಗೋಡೆ ಬಂದಿರುತ್ತದೆ.

ಇಂತಿ,
ಇನ್ನೂ ಸಾಯದ ತಪ್ಪಿಗೆ ಕಮಿಟಿಗೂ ಸಲ್ಲದೆ, ಮುದುಕರ ಮುಂದೆ ಕತ್ತೆಯಾಗಿ ಮಾತ್ರ ಸಲ್ಲುತ್ತಿರುವ
ಕರಡಿಬಂಡೆಹಟ್ಟಿಯ ಜಂಬಣ್ಣ